ಗಾಳಿಸಿದ ನೀರು

"ಎಲ್ಲಾ ನೀರಾಗ ಬಿದ್ದಾವಲ್ರಿ? ನೀವು ನೋಡೀರಲ್ಲ?"

ಪೂನಮ ತಂಬಿಗೆ ಕಟ್ಟಿದ ಹಗ್ಗವನ್ನು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. ಬಾವಿಯ ದಂಡೆಯ ಮೇಲೆ ನಿಂತಿದ್ದ ಸಮ್ಮೇದ ಹಲ್ಲು ಕಚ್ಚಿದ. ಬೆಳಗಿನಿಂದ ಇದೇ ಪ್ರಶ್ನೆ. ಆಚೆ ಕಬ್ಬು ಕಡಿಯುವ ಗ್ಯಾಂಗಿನವರು ಎಲೆಯಡಿಕೆ ಹಾಕಿಕೊಂಡು ಇವನ ದಾರಿ ಕಾಯುತ್ತಿದ್ದರು. 'ಹೂಂ, ಬಿದ್ದಾವು' ಎಂದರೆ ಅವಳು ಒಳಗೆ ಹೋಗುತ್ತಾಳೆ, ಗಳಿಗೆಯಲ್ಲಿ ತಿರುಗಿ ಬರುತ್ತಾಳೆ. ಅನ್ನದಿದ್ದರೆ ಇಲ್ಲಿಂದ ಕದಲುವುದೇ ಇಲ್ಲ.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಗಾಳಿಸುವುದು, ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ಬಾವಿಗೇ ಮೆಲ್ಲಗೆ ಇಳಿಬಿಡುವುದು ಜುಗೂಳದ ಈ ತೋಟದ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ. ಹೊಸ ಸೊಸೆ ಅದನ್ನು ಮಾಡುವ ಶ್ರದ್ಧೆ ಕಂಡು ಅತ್ತೆ ಚಂದ್ರಮತಿ ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಗಾಳಿಸಿದ್ದನ್ನೇ ಮತ್ತೆ ಗಾಳಿಸಿದಾಗ ಎಲ್ಲರೂ ಹೊಗಳಿದರು. ಇನ್ನೂ ಹೆಚ್ಚು ಮಾಡಿದಾಗ ಬಳಗದ ಹುಡುಗಿಯರಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದರು. ಒಂದು ಜೀವವಾದರೂ ಹೊರಗೆ ಉಳಿದು ಸತ್ತೀತೆಂಬ ಭಯಕ್ಕೆ ಅವಳ ಬೆರಳ ಸಂದುಗಳು ನೆನೆದು ಬಿರಿದವು. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆಮಂದಿ, ಅಷ್ಟರೊಳಗೆ ಅಡಿಗೆ ಮುಗಿಯದೆ ಎಷ್ಟೋ ದಿನ ಉಪವಾಸ ಮಲಗಿದರು. ಆಗಲೂ ಯಾರೂ ಅದನ್ನು ರೋಗ ಎನ್ನಲಿಲ್ಲ. ಬೇರೆಯವರು ನೀರು ಕೊಟ್ಟರೆ ಪೂನಮ ಮಗಳ ಬಾಯಿಂದ ಲೋಟ ಕಸಿದು ಚೆಲ್ಲುತ್ತಿದ್ದಳು. ತಾನು ಕೊಡುವಷ್ಟರಲ್ಲಿ ಮಗು ಅತ್ತು ಸುಸ್ತಾಗಿರುತ್ತಿತ್ತು. ಪುಟ್ಟ ಬ್ರಾಹ್ಮಿ ಬಾಯಾರಿ ದನದ ತೊಟ್ಟಿಗೆ ಬಾಯಿ ಹಾಕಿದ ದಿನ ಸಮ್ಮೇದ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದ.

ಅಲ್ಲಿಂದ ಶುರುವಾಯಿತು ಕಾರಣಗಳ ಸಂತೆ. ಮಿರಜಿನ ದೊಡ್ಡ ಡಾಕ್ಟರು ಮೆದುಳಿನ ರಸಾಯನದ ಏರುಪೇರು ಎಂದು ಗುಳಿಗೆ ಬರೆದರು. ಅಥಣಿಯಲ್ಲಿ ಒಬ್ಬ ಆಪ್ತಸಲಹೆಗಾರರು ಅವಳ ಬಾಲ್ಯವನ್ನೆಲ್ಲ ಕೆದಕಿ, ತಾಯಿಯ ಕಟ್ಟುನಿಟ್ಟು ಮನಸ್ಸಿನ ತಳದಲ್ಲಿ ಕೂತಿದೆ ಎಂದರು. ಅದು ಕಿವಿಗೆ ಬಿದ್ದು ತವರಿನವರು ಆ ವರ್ಷ ಹಬ್ಬಕ್ಕೆ ಕರೆಯಲಿಲ್ಲ. ಅವಳ ಅಣ್ಣ ಶ್ರೇಣಿಕ, ಇದೆಲ್ಲ ಅತ್ತೆಮನೆಯ ದುಡಿತದ ಫಲ ಎಂದು ಫೋನಿನಲ್ಲಿ ಹರಿಹಾಯ್ದ. ಸಮ್ಮೇದನ ತಂದೆ ಕಾಕಾಸಾಹೇಬರು ಹಿಂದಿನ ಕರ್ಮದ ಉದಯ ಎಂದು ಹೇಳಿ ಪೇಪರು ಓದತೊಡಗಿದರು. ಯಾವ ಕಾರಣ ಎತ್ತಿದರೂ ಅದರ ಕೊನೆಯಲ್ಲಿ ಯಾರೋ ಒಬ್ಬರು ಮುಖ ಊದಿಸಿಕೊಂಡು ಕೂತಿರುತ್ತಿದ್ದರು. ಸಮ್ಮೇದನಿಗೋ ಕೇಳುವಾಗ ಎಲ್ಲವೂ ನಿಜವೆನಿಸುತ್ತಿತ್ತು. ತನ್ನ ಸಿಡುಕೇ ಮೂಲವಿದ್ದೀತೇ ಎಂಬ ಅನುಮಾನವೂ ಬಿಟ್ಟಿರಲಿಲ್ಲ.

ಗುಳಿಗೆಯಿಂದ ಅವಳಿಗೆ ನಿದ್ದೆ ಬಂತು, ಕೈನಡುಕ ಇಳಿಯಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ನಿನ್ನೆ ಮಿರಜಿನಲ್ಲಿ ಅದೇ ಡಾಕ್ಟರು ಇವರನ್ನು ಪಕ್ಕದ ಕೋಣೆಯಲ್ಲಿ ಮಾತಿನಿಂದಲೇ ಚಿಕಿತ್ಸೆ ಕೊಡುವ ಎಳೆಯ ವಯಸ್ಸಿನ ಹೆಣ್ಣುಮಗಳ ಹತ್ತಿರ ಕಳಿಸಿದ್ದರು. ಅವಳು ಕಾರಣ ಹುಡುಕಲಿಲ್ಲ. ಪೂನಮ ಕೇಳಿದಾಗ ಉತ್ತರ ಕೊಡುವವರು ಯಾರು ಎಂದಷ್ಟೇ ವಿಚಾರಿಸಿದಳು. ನಾನೇ ಎಂದ ಸಮ್ಮೇದ, ಒಳ್ಳೆಯ ಕೆಲಸ ಮಾಡಿದವನ ಹಾಗೆ.

"ಉತ್ತರ ದೇಊ ನಕಾ," ಎಂದಿದ್ದಳು ಅವಳು ಮರಾಠಿಯಲ್ಲಿ, ಉತ್ತರ ಕೊಡಬೇಡಿ ಎಂದು. ಕೊಟ್ಟ ಪ್ರತಿ ಉತ್ತರವೂ, ಹೊಗಳಿದ ಪ್ರತಿ ಮಾತೂ ಆ ಭಯಕ್ಕೆ ಹಾಕಿದ ತುತ್ತು. ಧರ್ಮ ಹೇಳಿದಂತೆ ಒಂದು ಸಲ ಗಾಳಿಸಲಿ, ಒಂದು ಸಲ ಬಾವಿಗೆ ಬಿಡಲಿ, ಆಮೇಲೆ ಏಳುವ ಸಂಕಟವನ್ನು ತಾನೇ ತಡೆದುಕೊಳ್ಳಲಿ ಎಂದಳು. ಪೂನಮ ತಲೆ ತಗ್ಗಿಸಿಕೊಂಡೇ ಒಪ್ಪಿದ್ದಳು. "ನನ್ನ ಮಗೂಗ ನಾ ನೀರ ಕುಡಿಸಬೇಕ್ರಿ," ಎಂದಿದ್ದಳು.

ಈಗ ಅದೇ ಪೂನಮ ಹಗ್ಗ ಬಿಡಲೊಲ್ಲಳು. "ಯಾಕ ಸುಮ್ಮನ ನಿಂತೀರಿ? ಒಂದ ಮಾತ ಅಂದ್ರ ನಿಮ್ಮ ಗಂಟೇನ ಹೊಕ್ಕೈತಿ?"

ಹೊಸ್ತಿಲಿನಿಂದ ಚಂದ್ರಮತಿ ಕೂಗಿದಳು. "ಎಲ್ಲಾ ಬಿದ್ದಾವವಾ, ನಾ ನೋಡೀನಿ. ಒಳಗ ಬಾ."

"ಅವ್ವಾ, ನಿನಗ ಸೂಜ್ಯಾಗ ದಾರ ಪೋಣಿಸಾಕ ಆಗೂದಿಲ್ಲ. ಅಲ್ಲಿಂದ ಬಾವ್ಯಾಗಿನ ಜೀವ ಕಂಡೂವೇನ?"

"ಅಕೀ ಸಮಾಧಾನಕ್ಕ ಅಂದ್ನಿ. ನಿನ್ನಂಗ ಕಲ್ಲಾಗಿ ನಿಂದರಬೇಕನ? ನಾವ ಹೊಗಳಿ ಹೊಗಳಿ ಬೆಳಿಸೇವಿ ಅಂದ್ಲಂತಲ್ಲ ಆ ಮಿರಜಿನ ಪೋರಿ. ತಪ್ಪ ನಂದ ಅಂತ ಹೇಳಿಬಿಡು ಹಂಗಾರ."

"ತಪ್ಪ ಯಾರದರೆ ಇರಲಿ ಬೇ. ನೀ ಬಾಯಿ ಮುಚ್ಚು."

ತಾಯಿಗೆ ಅವನು ಎಂದೂ ಹಾಗೆ ಅಂದವನಲ್ಲ.

ಅಷ್ಟರಲ್ಲಿ ಆಟ ಬಿಟ್ಟು ಬಂದ ಬ್ರಾಹ್ಮಿ ನೀರು ಕೇಳಿದಳು. ಪೂನಮ ಹಗ್ಗವನ್ನು ಅಲ್ಲೇ ಬಿಟ್ಟು ಪಡಸಾಲೆಗೆ ಬಂದು, ಒಮ್ಮೆ ಮಾತ್ರ ಗಾಳಿಸಿದ್ದ ಕೊಡದಿಂದ ಲೋಟ ತುಂಬಿದಳು. ಮಗುವಿನ ತುಟಿಯ ಹತ್ತಿರ ಒಯ್ದ ಕೈ ನಿಂತುಬಿಟ್ಟಿತು.

"ರೀ... ಒಂದ ಸಲ ಸಾಕಲ್ಲ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ತಾನು ಮಾಡುತ್ತಿರುವುದು ಔಷಧವೋ ಕ್ರೌರ್ಯವೋ ಸಮ್ಮೇದನಿಗೆ ಹೊಳೆಯಲಿಲ್ಲ.

"ನಂಗ ಗೊತ್ತಿಲ್ಲ, ಪೂನಮ," ಎಂದ.

ಚಂದ್ರಮತಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೊಲದಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು; ಯಾರೂ ತಿರುಗಲಿಲ್ಲ. ಬ್ರಾಹ್ಮಿ ಎರಡೂ ಕೈಯಿಂದ ಲೋಟ ಎಳೆದಳು. ಪೂನಮ ಬಿಡಲಿಲ್ಲ. ಮಗು ಇನ್ನೊಮ್ಮೆ ಎಳೆಯಿತು. ಬಿರಿದ ಬೆರಳುಗಳು ಒಂದೊಂದಾಗಿ ಸಡಿಲಾದವು. ಮಗು ಗಟಗಟ ಕುಡಿಯಿತು, ನೀರು ಗದ್ದದಿಂದ ಹೊಟ್ಟೆಯ ತನಕ ಹರಿಯಿತು.

ಪೂನಮ ಕಣ್ಣು ಮುಚ್ಚಿ ಅಲ್ಲೇ ನೆಲಕ್ಕೆ ಕುಸಿದಳು. ಚಂದ್ರಮತಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಳು. ಸೊಸೆಯ ಕೈಯತ್ತ ಚಾಚಿದ ತನ್ನ ಕೈಯನ್ನು ನಡುವೆಯೇ ತಡೆದು, ಹಿಡಿಯಲೇನು ಎಂದು ಕೇಳುವಂತೆ ಮಗನ ಮುಖ ನೋಡಿದಳು. ಕೈ ಹಿಡಿಯುವುದೂ ಉತ್ತರ ಕೊಟ್ಟಂತೆಯೋ ಎಂಬುದನ್ನು ಮಿರಜಿನಲ್ಲಿ ಯಾರೂ ಹೇಳಿರಲಿಲ್ಲ.