ಬರಿಗಲ್ಲು

"ಆ ಕಾಲು ಸ್ವಲ್ಪ ಸೀರೆ ಒಳಕ್ಕೆ ಎಳ್ಕೊಳಮ್ಮ. ಹಿಮ್ಮಡಿ ನೋಡು, ಕೆರೆ ಬತ್ತಿದ ಹಂಗೆ ಬಿರುಕು ಬಿಟ್ಟಿದೆ. ಊಟಕ್ಕೆ ಬಂದೋರು ನೋಡೋ ಅಂಥದ್ದಾ ಅದು?"

ಮ್ಯಾನೇಜರ್ ಅರುಣ್ ಕುಮಾರ್ ಹೀಗೆ ಅಂದಾಗ ಚಿಕ್ಕಗಂಗಮ್ಮ ಬೀಸುವ ಕಲ್ಲಿನ ಗೂಟ ಬಿಡದೆಯೇ ಕಾಲನ್ನು ನೆರಿಗೆಯೊಳಕ್ಕೆ ಎಳೆದುಕೊಂಡಳು. ಎದುರಿಗೆ ಮಂಡಿಯೂರಿ ಫೋನು ಹಿಡಿದಿದ್ದ ಹುಡುಗಿ ಬೇಡ ಬೇಡ ಎಂದು ಕೈಯಾಡಿಸಿದಳು.

"ಬಿಡಿ ಸಾರ್, ಆ ಕ್ರ್ಯಾಕ್ಸೇ ಚೆನ್ನಾಗಿರೋದು. ತುಂಬಾ ರಿಯಲ್ ಆಗಿದೆ."

ಅರುಣ್ ಕುಮಾರ್ ನಾಲಿಗೆ ಮಗ್ಗುಲು ಬದಲಿಸಿತು. "ಕಾಲು ಈಚೆ ಹಾಕಮ್ಮ. ಇನ್ನೂ ಸ್ವಲ್ಪ. ಹಾಂ, ಬೆಳಕಿಗೆ."

ಕಾಲು ಈಚೆ ಬಂತು. ಫೋಟೋ ಆಯಿತು. ಹುಡುಗಿ ಹಿಮ್ಮಡಿಯನ್ನು ಮೆಚ್ಚಿಕೊಂಡು ಎದ್ದು ಹೋದಳು. ಆ ಹಿಮ್ಮಡಿಯ ಮೇಲೆ ಒಂದು ಮುಖವೂ ಇದೆ ಎಂಬುದು ಅವಳಿಗೆ ಬೇಕಾಗಿರಲಿಲ್ಲ.

ಬಸವೇಶ್ವರನಗರದ ಒಂದು ಹಳೇ ಬಂಗಲೆಯನ್ನು ಒಡೆದು, ಕಟ್ಟಿ, ಮತ್ತೆ ಹಳೆಯದಾಗಿ ಕಾಣುವ ಹಾಗೆ ಮಾಡಿದ್ದ ಊಟದ ಮನೆ ಅದು. ಹೋಟೆಲು ಅನ್ನಬಾರದು, ರೆಸ್ಟೋರೆಂಟ್ ಅನ್ನಬೇಕು ಎಂದು ಅರುಣ್ ಕುಮಾರ್ ಮೊದಲ ದಿನವೇ ಹೇಳಿಕೊಟ್ಟಿದ್ದ. ಬೋರ್ಡಿನ ಮೇಲಿನ ಇಂಗ್ಲಿಷ್ ಹೆಸರು ಚಿಕ್ಕಗಂಗಮ್ಮನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅವಳ ಪಾಲಿಗೆ ಅದು ಶಿವಕಿರಣ್ ಸಾರ್ ಹೋಟ್ಲು. ಹೆಸರಿನ ಕೆಳಗೆ ಕನ್ನಡದಲ್ಲಿ 'ನಮ್ಮ ಹೊಲದಿಂದ ನಿಮ್ಮ ಎಲೆಗೆ' ಎಂದು ಬರೆಸಿದ್ದರು. ಹೊಲ ಮಾಗಡಿ ರಸ್ತೆಯಾಚೆ ಇತ್ತು. ಶಿವಕಿರಣನ ತಾತನ ಕಾಲದಿಂದ ಬಂದದ್ದು, ಸೈಟುಗಳಾಗಿ ಮಾರಿ ಉಳಿದದ್ದು.

ಬಾಗಿಲಿನ ಪಕ್ಕ, ಊಟದ ಹಜಾರದ ಮೊದಲ ಮೇಜಿಗೆ ಎದುರಾಗಿ, ಒಂದು ಸಗಣಿ ಸಾರಿಸಿದ ಜಗುಲಿ. ಅದರ ಮೇಲೆ ಶಿವಕಿರಣನ ಅಜ್ಜಿಯ ಕಾಲದ ಬೀಸುವ ಕಲ್ಲು. ಕಲ್ಲಿನ ಹಿಂದೆ ಚಿಕ್ಕಗಂಗಮ್ಮ. ಮಧ್ಯಾಹ್ನದ ಊಟ ಮುಗಿಯುವ ತನಕ ಅವಳು ರಾಗಿ ಬೀಸಬೇಕು, ಬೀಸುತ್ತಾ ಹಾಡಬೇಕು, ಯಾರಾದರೂ ಫೋನು ಹಿಡಿದರೆ ನಗಬೇಕು. ಹಸಿರು ಸೀರೆ ಅವರೇ ಕೊಟ್ಟರು. ಹಸಿರು ಗಾಜಿನ ಬಳೆಯನ್ನೂ ಕೊಟ್ಟರು. ಗಂಡ ಮುನಿಯಣ್ಣ ಹೋಗಿ ಎರಡು ವರ್ಷವಾಗಿದೆ, ಬಳೆ ಹೆಂಗ್ ತೊಡೋದು ಸಾರ್, ಎಂದು ಕೇಳಿದ್ದಕ್ಕೆ, "ಕಸ್ಟಮರ್‌ಗೆ ಏನಮ್ಮ ಗೊತ್ತಾಗುತ್ತೆ?" ಎಂದಿದ್ದ ಅರುಣ್ ಕುಮಾರ್. ಮೊದಲ ದಿನ ಆ ಬಳೆಯ ಸದ್ದಿಗೆ ಅವಳ ಕಣ್ಣು ತುಂಬಿತು. ಆಮೇಲಾಮೇಲೆ, ಸುಳ್ಳೇಕೆ, ಆ ಸದ್ದು ಕಿವಿಗೆ ಹಿತವಾಯಿತು. ಮನೆಯಲ್ಲಿ ಬೇರೆ ಯಾವ ಸದ್ದಿತ್ತು?

ಹಾಡು ಅಂದರೆ ಎಲ್ಲಿಂದ ತರುವುದು? ಅವ್ವನ ಹಾಡುಗಳು ಅರ್ಧ ಮರೆತಿದ್ದವು. ಹಾಗಾಗಿ ಚಿಕ್ಕಗಂಗಮ್ಮ ರಾಗ ಹಿಡಿದುಕೊಂಡು ಬಾಯಿಗೆ ಬಂದದ್ದನ್ನೇ ಹಾಡುತ್ತಿದ್ದಳು. ಒಂದು ದಿನ, ಮ್ಯಾನೇಜರಪ್ಪನ ಮೂತಿಗೆ ಮೂರು ಮೊರ ಸಗಣಿ ಬೀಳಲಿ ಎಂದು ಎಳೆದೆಳೆದು ಹಾಡಿದಾಗ ಮೂರನೇ ಮೇಜಿನವರು ಚಪ್ಪಾಳೆ ತಟ್ಟಿದರು. ಅರುಣ್ ಕುಮಾರನೂ ತಟ್ಟಿದ. ಅವತ್ತು ಅವಳಿಗೆ ನಗು ಬಂತು, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಷ್ಟು ಜನರ ನಡುವೆ ಅವಳ ಮಾತು ಒಬ್ಬರ ಕಿವಿಗೂ ಬೀಳುತ್ತಿರಲಿಲ್ಲ.

ಆದರೂ ಆ ಕೆಲಸವನ್ನು ಅವಳು ಇಷ್ಟಪಟ್ಟಿದ್ದಳು, ಅದಕ್ಕೆ ಕಾರಣ ಹಿಟ್ಟು.

ಅವಳ ಅಪ್ಪ ಚಿಕ್ಕಮುನಿಯಪ್ಪ ಶಿವಕಿರಣನ ತಾತನ ಹೊಲದಲ್ಲಿ ಜೀತಕ್ಕಿದ್ದವನು. ಅವರ ರಾಗಿ ಬಿತ್ತಿದ್ದು ಇವರು. ಕಳೆ ಕಿತ್ತು, ಕೊಯ್ದು, ಕಣದಲ್ಲಿ ಒಕ್ಕಿ, ಚೀಲ ಹೊತ್ತು ಬಾಗಿಲ ತನಕ ತಂದಿಟ್ಟಿದ್ದೂ ಇವರೇ. ಕಾಳಾಗಿರುವ ತನಕ ರಾಗಿಗೆ ಮೈಲಿಗೆಯಿರಲಿಲ್ಲ. ಹೊಸ್ತಿಲು ದಾಟಿ ಹಿಟ್ಟಾಯಿತೋ, ಇವರು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಅಂಥ ಮನೆಯ ಕಲ್ಲಿನಲ್ಲಿ ಈಗ ಅವಳು ಬೀಸುತ್ತಿದ್ದಾಳೆ. ಹಿಟ್ಟು ತುಂಬಿದ ಕೂಡಲೇ ಪಂಚೆಯುಟ್ಟ ಸಪ್ಲೈಯರ್ ತಾಮ್ರದ ಹರಿವಾಣ ತಂದು, ಹಿಟ್ಟು ತುಂಬಿಸಿಕೊಂಡು, ಮೇಜುಗಳ ನಡುವೆ ಮೆರವಣಿಗೆ ಮಾಡಿಸಿ ಅಡುಗೆಮನೆಗೆ ಒಯ್ಯುತ್ತಾನೆ. ಸ್ವಲ್ಪ ಹೊತ್ತಿಗೆ ಬಿಸಿ ಮುದ್ದೆಗಳು ಬಾಳೆಲೆಯ ಮೇಲೆ ಹೊರಗೆ ಬರುತ್ತವೆ. ಡಾಕ್ಟರು, ಲಾಯರು, ಸಣ್ಣ ಸಣ್ಣ ಮಕ್ಕಳು, ಎಲ್ಲ ಜಾತಿಯವರೂ ಅವಳ ಕೈಯ ಹಿಟ್ಟನ್ನು ಮುರಿದು ಉಣ್ಣುತ್ತಾರೆ.

ಹೇರೋಹಳ್ಳಿಯಲ್ಲಿ ಅವಳದು ಶೀಟು ಹೊದಿಸಿದ ಒಂದೇ ಕೋಣೆ. ಮಕ್ಕಳಿಲ್ಲ. ಮುನಿಯಣ್ಣ ಇದ್ದಾಗ ದಿನಾ ಎಸರಿಡುತ್ತಿದ್ದಳು. ಈಗ ಒಬ್ಬಳಿಗೆ ಎಂದು ಮುದ್ದೆ ತೊಳಸಲು ಕೈ ಏಳುವುದಿಲ್ಲ, ಟೀಗೆ ಬನ್ನು ಅದ್ದಿ ತಿಂದು ಮಲಗುತ್ತಾಳೆ. ಮಲಗುವಾಗ ಹೋಟ್ಲಿನಲ್ಲಿ ಉಂಡವರನ್ನು ನೆನೆಯುತ್ತಾಳೆ. ಎರಡನೇ ಮುದ್ದೆ ಕೇಳಿದ ದಪ್ಪ ಮನುಷ್ಯ, ಮೂಗು ಮುರಿದೂ ನುಂಗಿದ ಹುಡುಗ. ಲೋಕದಲ್ಲಿ ತನ್ನ ಕೈಯಿಂದ ಉಣ್ಣುವವರು ಇನ್ನೂ ಇದ್ದಾರೆ ಎಂಬುದೇ ಅವಳಿಗಿದ್ದ ದೊಡ್ಡ ಸಮಾಧಾನ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿವಕಿರಣನ ತಾಯಿ ಕುಸುಮಮ್ಮನವರು ಬಂದು ಕಲ್ಲಿನ ಎದುರು ನಿಂತಿದ್ದರು.

"ಯಾವೂರಮ್ಮಿ? ಯಾರ ಮಗಳು?"

"ಇಲ್ಲೇ ಹೇರೋಳ್ಳಿ ಕಾಲೋನಿ ಕಣ್ರಮ್ಮ. ಚಿಕ್ಕಮುನಿಯಪ್ಪನ ಮಗಳು. ನಿಮ್ಮ ಮಾವನೋರ ತಾವ ಇದ್ನಲ್ಲ."

"ಓ, ಚಿಕ್ಕಮುನಿಯನ ಮಗಳಾ? ಚೆಂದಾಗಿ ಬೀಸ್ತೀಯ ಬಿಡು."

ಕುಸುಮಮ್ಮನವರು ನಕ್ಕು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಚಿಕ್ಕಗಂಗಮ್ಮ ನಗುವನ್ನು ಮಾತ್ರ ನೋಡಿದಳು.

ಆ ಭಾನುವಾರ ಕುಸುಮಮ್ಮನವರ ತವರಿನವರೆಲ್ಲ ಊಟಕ್ಕೆ ಬಂದಿದ್ದರು. ಮೊದಲ ಸಾಲಿನ ಮೇಜುಗಳನ್ನು ಕೂಡಿಸಿ ಅವರಿಗೆ ಹಾಕಿದ್ದರು. ಹಜಾರ ಕಿಕ್ಕಿರಿದಿತ್ತು. ಚಿಕ್ಕಗಂಗಮ್ಮ ಹುರುಪಿನಿಂದ ಬೀಸಿದಳು, ಬೀಸುವ ಭರಕ್ಕೆ ಒಂದು ಬಳೆ ಗೂಟಕ್ಕೆ ಬಡಿದು ಚೂರಾಯಿತು. ಅವಳು ನೋಡಿಕೊಳ್ಳುವಷ್ಟರಲ್ಲಿ ಸಪ್ಲೈಯರ್ ಹಿಟ್ಟು ಬಾಚಿಕೊಂಡು ಹೊರಟಾಗಿತ್ತು. ಕಲ್ಲಿನ ಕೆಳಗೆ ಹಾಸಿದ್ದ ಬಟ್ಟೆಯ ಮೇಲೆ ಹುಡುಕಿದಳು, ಎರಡು ಚೂರು ಸಿಕ್ಕವು, ಮೂರನೆಯದು ಸಿಗಲಿಲ್ಲ.

ಗಾಜು. ಯಾವುದಾದರೂ ಮಗುವಿನ ಗಂಟಲಿಗೆ ಹೋದರೆ?

ಅಡುಗೆಮನೆಗೆ ಕಾಲಿಡಕೂಡದು ಎಂದು ಅವಳಿಗೆ ಹೇಳಿದ್ದರು. ಅದೆಲ್ಲ ಮರೆತು ಓಡಿದಳು.

"ಅಣ್ಣ, ಆ ಹಿಟ್ಟ ಎಸರಿಗ್ ಹಾಕ್ಬ್ಯಾಡ. ಬಳೆ ಚೂರು ಬಿದ್ದೈತೆ. ಕೈ ಮುಗೀತೀನಿ, ಹಾಕ್ಬ್ಯಾಡ."

ಅಡುಗೆಯ ಭರಮಪ್ಪ ಹುಬ್ಬಳ್ಳಿ ಕಡೆಯವನು. ಅವನ ಮುಂದೆ ಮಿಲ್ಲಿನ ಹೆಸರಿದ್ದ ಪ್ಲಾಸ್ಟಿಕ್ ಚೀಲ ಬಾಯಿ ತೆರೆದು ನಿಂತಿತ್ತು. ಅವನು ಅದರಿಂದಲೇ ಹಿಟ್ಟು ತೋಡುತ್ತಿದ್ದ.

"ಯಾಕಷ್ಟು ಗಾಬರಿ ಆಗ್ತೀಯವ್ವಾ? ಆ ಹಿಟ್ಟು ಯಾರು ಉಣ್ಣಾವ್ರು?" ಎಂದು ನಕ್ಕ. ಅವಳ ಮುಖ ನೋಡಿದ ಮೇಲೆ ನಗು ನಿಲ್ಲಿಸಿ ಒಲೆಯ ಕಡೆ ತಿರುಗಿದ.

ಹಿಂಬಾಗಿಲು ತೆರೆದಿತ್ತು. ಅದರಾಚೆ ಪಾತ್ರೆ ತೊಳೆಯುವ ಕಲಾ ತಾಮ್ರದ ಹರಿವಾಣವನ್ನು ಮುಸುರೆಯ ಡ್ರಮ್ಮಿಗೆ ಬೋರಲು ಹಾಕಿ ತಟ್ಟುತ್ತಿದ್ದಳು. ಕಲಾ ಕಾಲೋನಿಯವಳೇ, ಈ ಕೆಲಸಕ್ಕೆ ಚಿಕ್ಕಗಂಗಮ್ಮನನ್ನು ಕರೆತಂದವಳೂ ಅವಳೇ. ಎಂಜಲೆಲೆ, ತಿಳಿಸಾರು, ಮೂಳೆಗಳ ಮೇಲೆ ಹಿಟ್ಟು ತೇಲುತ್ತಾ ನಿಧಾನಕ್ಕೆ ನೆನೆಯುತ್ತಿತ್ತು.

"ಇವತ್ತೊಂದಿನ ಹಿಂಗಾ?"

ಕಲಾ ತಲೆ ಎತ್ತಲಿಲ್ಲ. "ದಿನಾ ಇಷ್ಟೇ ಕಣಕ್ಕ. ಮೊದ್ಲು ನಾಕು ದಿನ ಎಸರಿಗೋಯ್ತು. ಆ ದೊಡ್ಡಮ್ಮ ಬಂದು ಯಾರ ಮಗಳು ಅಂತ ಕೇಳ್ತಲ್ಲ, ಅವತ್ತಿಂದ ಇದ್ಕೇ. ನಮ್ ಮನೆಯೋರು ಉಣ್ಣೋ ಜಾಗ, ಆ ಹಿಟ್ಟು ಎಸರಿಗ್ ಬೀಳ್ಕೂಡ್ದು ಅಂದ್ಲಂತೆ."

"ಯಾರ್ ತಿಂತಾರೆ ಇದನ್ನ?"

"ಸುಂಕದಕಟ್ಟೆಯಿಂದ ಹಂದಿ ಸಾಕೋನು ಬಂದು ತುಂಬ್ಕೊಂಡೋಯ್ತಾನೆ."

"ಒಂದ್ ಮಾತು ಯೋಳಕ್ಕೆ ನಿಂಗೇನೇ ಬಂದಿತ್ತು ರೋಗ, ಬೋಸುಡಿ."

"ಹೆಂಗ್ ಯೋಳ್ಲಿ?" ಕಲಾ ಹರಿವಾಣವನ್ನು ಕೆಳಗಿಟ್ಟಳು. "ದಿನಾ ಸಂಜೆ ನೀನು ಬಸ್ಸಲ್ಲಿ ಕೂತು, ಇವತ್ತು ಎಷ್ಟು ಜನ ಉಂಡ್ರೇ ಕಲಾ, ಅಂತ ಕೇಳ್ತಿದ್ದೆ. ಆ ಮಖ ನೋಡ್ಕಂಡು ಹೆಂಗಕ್ಕ ಯೋಳ್ಲಿ?"

ಚಿಕ್ಕಗಂಗಮ್ಮ ಡ್ರಮ್ಮಿನ ಅಂಚು ಹಿಡಿದು ನಿಂತಳು. ಎರಡನೇ ಮುದ್ದೆ ಕೇಳಿದ ದಪ್ಪ ಮನುಷ್ಯ ಅವಳವನಲ್ಲ. ಮೂಗು ಮುರಿದು ನುಂಗಿದ ಹುಡುಗನೂ ಅವಳವನಲ್ಲ. ಯಾರೂ ಅವಳವರಲ್ಲ. ಮುನಿಯಣ್ಣ ಸತ್ತ ದಿನವೂ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅವತ್ತು ಹೆಣದ ಸುತ್ತ ನಾಲ್ಕು ಜನವಾದರೂ ಇದ್ದರು.

ಹೋಟ್ಲಿಗೆ ಹಪ್ಪಳ ಬರುತ್ತಿದ್ದುದು ಶಿವಕಿರಣನ ಸೋದರತ್ತೆಯ ಮನೆಯಿಂದ; ಅದು ನೆಂಟರ ಮೇಜಿಗೆ ಹೋಯಿತೇ ಎಂದು ನೋಡಲು ಅವನು ಒಳಗೆ ಬಂದ. ನಡುವಯಸ್ಸಿನವನು, ಖಾದಿ ಜುಬ್ಬಾ, ಯಾರಿಗೂ ಜೋರು ಮಾತಾಡುವವನಲ್ಲ. ಅವಳು ಅವನ ದಾರಿಗೆ ಅಡ್ಡ ನಿಂತಳು.

"ಸಾರ್, ನಾನ್ ಬೀಸಿದ್ ಹಿಟ್ಟ ಹಂದಿಗಾಕ್ತಾವ್ರೆ."

ಅವನು ಭರಮಪ್ಪನ ಕಡೆಗೊಮ್ಮೆ ನೋಡಿದ. "ಅದು ಹೈಜೀನ್ ಇಶ್ಯೂ ಅಮ್ಮ. ಬಾಗಿಲಲ್ಲಿ ಧೂಳಲ್ಲಿ ಬೀಸಿದ್ದನ್ನ ಕಿಚನ್‌ಗೆ ತಗೊಳ್ಳೋ ಹಾಗಿಲ್ಲ. ರೂಲ್ಸು."

"ನಿಮ್ ಸೋದರತ್ತೆ ರಾಜಾಜಿನಗರದಲ್ಲಿ ತಾರಸಿ ಮೇಲೆ ಒಣಗಾಕಿದ್ ಹಪ್ಪಳ ಎಲೆಗ್ ಬೀಳ್ತದಲ್ಲ ಸಾರ್. ಅಲ್ಲಿ ಧೂಳಿಲ್ವಾ?"

ಶಿವಕಿರಣ್ ದನಿ ತಗ್ಗಿಸಿದ, ಮಾತಿಗೆ ಮುಲಾಮು ಸವರಿದ.

"ನೋಡಮ್ಮ, ನಂಗೆ ಅದೆಲ್ಲ ಏನೂ ಇಲ್ಲ. ಕಾಲೇಜಲ್ಲಿ ನಿಮ್ಮೋರ ಮನೇಲೆಲ್ಲ ಊಟ ಮಾಡಿದೀನಿ ನಾನು. ಅಮ್ಮ ಹಳೇ ಕಾಲದೋರು, ಈ ವಯಸ್ಸಲ್ಲಿ ಬದಲಾಯ್ಸಕ್ಕಾಗತ್ತಾ? ನಿಂಗೆ ಸಂಬಳ ಬರ್ತಿದೆ ತಾನೆ? ಹಿಟ್ಟು ಎಲ್ಲಿಗೋದ್ರೆ ನಿಂಗೇನು? ನಿನ್ನ ಕೆಲಸ ಕಲ್ಲು ತಿರುಗ್ಸೋದು. ಹೋಗಿ ತಿರುಗ್ಸು. ನೆಂಟರೆಲ್ಲ ಕೂತಿದಾರೆ, ಇವತ್ತು ಗಲಾಟೆ ಬೇಡ."

"ಆಯ್ತು ಸಾರ್," ಎಂದಳು ಚಿಕ್ಕಗಂಗಮ್ಮ. "ತಿರುಗಿಸ್ತೀನಿ."

ಜಗುಲಿಗೆ ಬಂದು ಕೂತಳು. ಮೊರದಲ್ಲಿ ರಾಗಿ ಹಾಗೇ ಇತ್ತು. ಒಂದು ಹಿಡಿ ತುಂಬಿಕೊಂಡು ಕಲ್ಲಿನ ಬಾಯಿಯ ತನಕ ಕೈ ಒಯ್ದಳು, ಅಲ್ಲಿಂದ ಹಿಂದಕ್ಕೆ ತಂದು ಕಾಳನ್ನು ಮೊರಕ್ಕೇ ಸುರಿದಳು. ಗೂಟ ಹಿಡಿದಳು. ಬರಿಗಲ್ಲನ್ನು ತಿರುಗಿಸಿದಳು.

ಕಾಳಿಲ್ಲದ ಕಲ್ಲು ಕಲ್ಲನ್ನೇ ಅರೆಯಿತು. ಹಲ್ಲು ಜುಮ್ಮೆನ್ನುವ ಆ ಕರಕರ ಸದ್ದಿಗೆ ಮೊದಲ ಮೇಜಿನ ಹೆಂಗಸು ತುತ್ತು ಕೆಳಗಿಟ್ಟಳು. ಒಂದು ಮಗು ಕಿವಿ ಮುಚ್ಚಿಕೊಂಡು ಅಳತೊಡಗಿತು. ಚಿಕ್ಕಗಂಗಮ್ಮ ಹಾಡಲಿಲ್ಲ, ನಗಲಿಲ್ಲ, ಕಾಲು ಮುಂದಕ್ಕೆ ಚಾಚಿ ರಟ್ಟೆಯ ಬಲವೆಲ್ಲ ಹಾಕಿ ತಿರುಗಿಸಿದಳು. ಕಲ್ಲಿನ ಸಂದಿನಿಂದ ಬೂದುಬಣ್ಣದ ಪುಡಿ ಉದುರತೊಡಗಿತು.

ಅರುಣ್ ಕುಮಾರ್ ಓಡಿ ಬಂದ. "ಏಯ್, ತಲೆ ಕೆಟ್ಟಿದೆಯಾ? ರಾಗಿ ಹಾಕು."

"ಯಾರ್ ಉಣ್ತಾರೆ ಅಂತ ಹಾಕ್ಲಿ?"

ಅವನು ಗೂಟಕ್ಕೆ ಕೈ ಹಾಕಲು ಬಗ್ಗಿದ. ಅಷ್ಟರಲ್ಲಿ ಹಜಾರದ ಫೋನುಗಳೆಲ್ಲ ಮೇಲೆದ್ದಿದ್ದವು. ಒಳಗಿನಿಂದ ಬಂದ ಶಿವಕಿರಣ್ ಅವುಗಳನ್ನು ನೋಡಿ, ಮುಟ್ಟಬೇಡ ಎಂದು ಮ್ಯಾನೇಜರಿಗೆ ತಲೆಯಾಡಿಸಿದ. ಅವಳ ಕಡೆ ಬಗ್ಗಿ, "ಅಮ್ಮ, ಪ್ಲೀಸ್," ಎಂದ. ಕಲ್ಲು ಆ ಮಾತನ್ನು ಅರೆದು ಹಾಕಿತು.

ಎಲೆ ಬಿಟ್ಟು ಎದ್ದವರು ಕುಸುಮಮ್ಮನವರು. ಎಂಜಲು ಕೈಯನ್ನು ಹಾಗೇ ಎತ್ತಿಹಿಡಿದು ಬಂದರು. ಅವರ ಮುಖ ಬಿಳಿಚಿತ್ತು.

"ನಿಲ್ಸೇ. ಬರಿಗಲ್ಲು ಬೀಸ್ಬಾರ್ದು. ಆ ಕಲ್ಲು ನಮ್ಮತ್ತೇದು. ಮನೆ ಹಾಳಾಗ್ತದೆ ಕಣೇ."

"ಗೊತ್ತು ಕಣ್ರಮ್ಮ," ಎಂದಳು ಚಿಕ್ಕಗಂಗಮ್ಮ.

"ನಿಲ್ಸು ಅಂದೆ."

"ನೀವೇ ಹಿಡ್ಕೊಳ್ಳಿ. ನಿಲ್ಸ್ತೀನಿ."

ಕುಸುಮಮ್ಮನವರು ಎಡಗೈ ಚಾಚಿದರು. ಗೂಟ ಗಿಡ್ಡದು, ಒಂದು ಹಿಡಿಗಿಂತ ಹೆಚ್ಚಿಗೆ ಅದರಲ್ಲಿ ಜಾಗವಿರಲಿಲ್ಲ. ನಿಲ್ಲಿಸಬೇಕಾದರೆ ಚಿಕ್ಕಮುನಿಯನ ಮಗಳ ಕೈಯನ್ನೇ ಹಿಡಿಯಬೇಕಿತ್ತು. ಅವರ ಕೈ ಗೇಣು ದೂರದ ತನಕ ಬಂತು, ಬೆರಳುಗಳು ಅಗಲವಾದವು, ಅಲ್ಲೇ ನಿಂತವು.

ಚಿಕ್ಕಗಂಗಮ್ಮ ಆ ಕೈಯನ್ನೇ ನೋಡುತ್ತಾ ಕಲ್ಲು ತಿರುಗಿಸಿದಳು. ಪ್ರತಿ ಸುತ್ತಿಗೂ ಅವಳ ಕೈ ಆ ಕೈಯ ಕೆಳಗೆ ಬಂದು ಹೋಗುತ್ತಿತ್ತು.