ಸೇವಂತಿ ಹೇಳಿದ ಸೀತಕ್ಕ

ಸಿಡುಬಿನ ವರ್ಷ ಸೀತಕ್ಕ ಗೆದ್ದದ್ದನ್ನು ಕಡಬದಲ್ಲಿ ಯಾರೂ ಮರೆತಿರಲಿಲ್ಲ. ಮರೆಯಲು ಸೀತಕ್ಕ ಬಿಟ್ಟಿರಲೂ ಇಲ್ಲ. ಸಿಡುಬು ತಡೆಯುವ ದಾಕು ಹಾಕುವವರು ಬಂದರೆಂದರೆ ತಾಯಂದಿರು ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತುತ್ತಿದ್ದ ಕಾಲವದು. ಆಕೆ ಇನ್ನೂ ಹಾಲು ಬಿಡದ ತನ್ನ ಮಗನನ್ನು ಪೇಟೆಯ ನಡುವೆ ಮಡಿಲಲ್ಲಿಟ್ಟುಕೊಂಡು ಕುಳಿತು, ಎಲ್ಲರ ಕಣ್ಣೆದುರು ಮೊದಲ ದಾಕು ಹಾಕಿಸಿದ್ದಳು. ಮಗುವಿಗೆ ಜ್ವರ ಬಂತು. ಅತ್ತೆ ಮಾತು ಬಿಟ್ಟರು. ಜ್ವರ ಇಳಿದದ್ದೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಮನೆಮನೆ ಹತ್ತಿಳಿದಳು. ಮಳೆಗಾಲ ಹಿಡಿಯುವ ಮೊದಲು ಕಡಬದಲ್ಲಿ ದಾಕಿನ ಕಲೆಯಿಲ್ಲದ ಎಳೆಯ ತೋಳು ಉಳಿದಿರಲಿಲ್ಲ.

ಈಗ ಎಂಬತ್ತೊಂದನೆಯ ಇಸವಿ. ಪುತ್ತೂರು, ಸುಳ್ಯ, ಕಡಬ ಪೇಟೆಗಳ ಮಹಿಳಾ ಮಂಡಲಗಳು ಮಕ್ಕಳಿಗೆ ರೋಗ ತಡೆಯುವ ಸೂಜಿ ಹಾಕಿಸಲು ಒಂದಾಗಿದ್ದವು. ಜೀಪು, ದಾದಿ ಪುತ್ತೂರಿನವರದು. ತಾಯಂದಿರನ್ನು ಒಪ್ಪಿಸುವ ಕೆಲಸ ಉಳಿದವರದು. ಹಳೆಯ ಮನಸ್ತಾಪಗಳು ಅಡ್ಡ ಬರಬಾರದೆಂದು ಒಂದು ಪೇಟೆಯವರು ಇನ್ನೊಂದು ಪೇಟೆಯ ಹಳ್ಳಿಗಳಿಗೆ ಹೋಗಬೇಕೆಂದು ನಿಯಮ ಮಾಡಿಕೊಂಡಿದ್ದರು. ಮೂರೂ ಪೇಟೆಗೆ ಒಬ್ಬ ಅಧ್ಯಕ್ಷೆಯನ್ನು ಆರಿಸುವ ಸಭೆ ಹತ್ತಿರವಾಗಿತ್ತು. ಆ ಕುರ್ಚಿ ತನ್ನದೆಂದು ಸೀತಕ್ಕ ನಂಬಿದ್ದಳು, ಸುಳ್ಯದ ಸೇವಂತಿ ಕಡಬದ ಕಡೆಯ ರಾಮಕುಂಜಕ್ಕೆ ಕಾಲಿಡುವವರೆಗೆ.

"ರಾಮಕುಂಜದಲ್ಲಿ ಒಂದು ಮನೆಯೂ ಬಾಕಿ ಇಲ್ಲ ಮಾರಾಯ್ರೆ. ಸೇವಂತಿಯಕ್ಕ ಮಾತಾಡುದನ್ನು ನೀವು ಕೇಳ್ಬೇಕು," ಎಂದ ಜೀಪಿನ ಮೊಯ್ದಿನಬ್ಬ.

"ರಸ್ತೆ ನೋಡಿ ಓಡಿಸುದು ನಿಮ್ಮ ಕೆಲಸ," ಎಂದಳು ಸೀತಕ್ಕ.

ಆಕೆಯನ್ನು ಸುಳ್ಯದ ಕಡೆಯ ಐವರ್ನಾಡಿನ ದುಗ್ಗಮ್ಮನ ಮನೆಯಲ್ಲಿ ಇಳಿಸಿ, ಪೇಟೆಯಲ್ಲಿ ಉಳಿದಿದ್ದ ದಾದಿಯನ್ನು ಕರೆತರಲು ಜೀಪು ಸುಳ್ಯಕ್ಕೆ ಹೋಯಿತು. ದುಗ್ಗಮ್ಮ ಮೊಮ್ಮಗುವನ್ನು ಸೊಸೆಯ ಕೈಯಿಂದ ತೆಗೆದು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.

"ಬೊತ್ತು ಅಕ್ಕ, ಬೇಡ. ಆಚೆಮನೆ ಮಗುವಿಗೆ ಸೂಜಿ ಹಾಕಿ ತೊಡೆ ಬಾತು ಜ್ವರ ಬಂದದ್ದು ನೋಡಿದ್ದೇವೆ."

"ಜ್ವರ ಬಂದ್ರೆ ಎಂತ? ಸಿಡುಬಿನ ವರ್ಷ ನನ್ನ ಮಗನಿಗೇ ಮೊದಲು ಹಾಕಿಸಿದವಳು ನಾನು. ನನಗೆ ಒಂದು ಚೂರೂ ಹೆದರಿಕೆ ಆಗ್ಲಿಲ್ಲ."

"ಹಾಗಾದ್ರೆ ನೀವು ಗಟ್ಟಿಗರು. ನಾವು ಹೆದರುವ ಜನ. ಕಾಫಿ ಕುಡಿದು ಹೋಗಿ."

ಜೀಪು ಮರಳಿದಾಗ ದಾದಿಯೊಂದಿಗೆ ಸೇವಂತಿಯೂ ಇಳಿದಳು. "ದಾದಿಯ ಜೊತೆಗೆ ಬರುವವರು ಇರ್ಲಿಲ್ಲ. ನಿಯಮ ಮೀರಿದೆ, ಬೈಬೇಡಿ ಸೀತಕ್ಕ," ಎನ್ನುತ್ತ, ಹಾಸಿದ ಚಾಪೆ ಬಿಟ್ಟು ಸೊಸೆಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಕಪ್ಪಿನಲ್ಲಿ ಮುಟ್ಟದೆ ಉಳಿದ ಕಾಫಿಯನ್ನು ನೋಡಿದಳು.

"ಈ ಸೀತಕ್ಕನ ಅತ್ತೆ ಈಗ ರಾಮಕುಂಜದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರೇ ನನಗೆ ಹೇಳಿದ್ದು," ಎಂದು ಮೆಲ್ಲಗೆ ಸುರುಮಾಡಿದಳು. "ದಾಕು ಹಾಕಿಸಿದ ಮಗುವಿಗೆ ಜ್ವರ ಏರಿದಾಗ ಈ ಅಕ್ಕ ನೆಲಕ್ಕೆ ಬೆನ್ನು ತಾಗಿಸ್ಲಿಲ್ಲಂತೆ. ಉಸಿರು ಉಂಟಾ ಅಂತ ಮಗುವಿನ ಮೂಗಿಗೆ ಬೆರಳು ಹಿಡಿದೇ ಕೂತದ್ದು. 'ನಾನೇ ಕೊಂದೆನಾ ಮಗಾ' ಅಂತ ಮಗುವನ್ನೇ ಕೇಳುದು. ಅತ್ತೆ ನಿದ್ದೆ ಬಂದವರ ಹಾಗೆ ಮಲಗಿಕೊಂಡು ಎಲ್ಲ ಕೇಳಿದ್ದಾರೆ."

ಸೀತಕ್ಕನ ಕಿವಿ ಕಾದ ಕಾವಲಿಯಂತಾಯಿತು. ಅದನ್ನು ಆಕೆ ಯಾವ ಸಭೆಯಲ್ಲೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ತನ್ನ ಒಡವೆಯನ್ನು ಪರರ ಕೊರಳಲ್ಲಿ ಕಂಡವಳಂತೆ ಕುಳಿತಳು. ಆ ಕೊರಳಿಗೆ ಅದು ತನಗಿಂತ ಚೆನ್ನಾಗಿ ಒಪ್ಪಿತ್ತು.

ದುಗ್ಗಮ್ಮ ಬಹಳ ಹೊತ್ತು ಸೀತಕ್ಕನ ಮುಖವನ್ನೇ ನೋಡಿದಳು. ಬಳಿಕ ಸೆರಗು ಸಡಿಲಿಸಿ ಮಗುವನ್ನು ಸೊಸೆಯ ಮಡಿಲಿಗೆ ಹಾಕಿದಳು. ದಾದಿ ಸೂಜಿ ತೆಗೆದಳು. ಮಗು ಕಿರಿಚಿತು, ಬಿಕ್ಕಿತು, ತಾಯಿಯ ಎದೆಗೆ ಬಾಯಿಟ್ಟು ಸುಮ್ಮನಾಯಿತು.

ದಾದಿಯೂ ಸೇವಂತಿಯೂ ಅಂಗಳಕ್ಕಿಳಿದರೂ ಸೊಸೆಯ ಕೈ ಮಗುವಿನ ಹಣೆಯಿಂದ ಕದಲಿರಲಿಲ್ಲ.

"ಅಕ್ಕಾ, ಜ್ವರ ಇಳಿದದ್ದು ಹೇಗೆ? ಅದನ್ನೂ ಹೇಳಿ," ಎಂದಳು.

ಸೀತಕ್ಕ ಗಂಟಲು ಸರಿಮಾಡಿಕೊಂಡಳು.

ಸೊಸೆ ಆಕೆಯ ಭುಜದಾಚೆ, ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳನ್ನು ನೋಡುತ್ತಿದ್ದಳು. "ಸೇವಂತಿಯಕ್ಕ, ಸುರುವಿಂದ ಹೇಳಿ."