ನೀರಿಲ್ಲವೆಂದು ತೋರಿಸಲು ಹೋದದ್ದು

ನಮ್ಮ ಯಜಮಾನರು ಸಾರ್ವಜನಿಕ ಈಜುಕೊಳದ ಕಾವಲಿಗಿದ್ದವರು. ಮುಳುಗುವವರನ್ನು ಎಳೆದು ದಡಕ್ಕೆ ಹಾಕುವ ಕೆಲಸ. ವಿಕ್ಟೋರಿಯಾ ರಾಣಿಯ ಕಾಲದ ಕೆಂಪು ಇಟ್ಟಿಗೆಯ ಕಟ್ಟಡ ಅದು. ಮನೆಯಲ್ಲಿ ಬಚ್ಚಲಿಲ್ಲದವರು ಬಂದು ಮೈ ತೊಳೆಯಲಿ ಎಂದು ಕಟ್ಟಿಸಿದ್ದಂತೆ. ಆಮೇಲೆ ಈಜುಕೊಳವಾಯಿತು, ಅದೂ ನಿಂತು ಮುರುಕು ಕುರ್ಚಿಗಳ ಗೋದಾಮಾಯಿತು. ಈಗ ಕಾಫಿ ಹೋಟೆಲು. ಹೋಟೆಲಿಟ್ಟ ಮಹಾನುಭಾವ ಕೊಳವನ್ನು ಮುಚ್ಚಿಸಲೂ ಇಲ್ಲ. ಒಣಗಿದ್ದ ತಳದ ನೀಲಿ ಟೈಲ್ಸ್ ಮೇಲೇ ಮೇಜು ಹಾಕಿಸಿದ. ಜನಕ್ಕೆ ಅದೇ ಒಂದು ಮೋಜು!

ಯಜಮಾನರಿಗೆ ಮರೆವು ಹತ್ತಿತ್ತು. ಬೆಳಗಾದರೆ ಸಾಕು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಿದ್ದರು.

"ಡ್ಯೂಟಿಗೆ ಹೊತ್ತಾಯ್ತು ಕಣೇ. ಜನ ನೀರಿಗಿಳಿದಿರ್ತಾರೆ."

"ಎಲ್ಲಿದೆ ನೀರು, ನನ್ನ ತಲೆ! ಎಲ್ರೂ ಕಾಫಿ ಹೀರ್ತಾ ಕೂತಿರ್ತಾರೆ ಅಲ್ಲಿ."

ಕೇಳಿದರೆ ತಾನೆ? ಬೀಗ ಹಾಕಿದರೆ ಕಿಟಕಿ ಹಿಡಿದು ಅಳುವರು. ಅವರು ಹಾಗೆ ಅತ್ತರೆ ನನ್ನ ಕರುಳು ಕಿತ್ತು ಬರುತ್ತಿತ್ತು. ಒಮ್ಮೆ ಕರೆದುಕೊಂಡು ಹೋಗಿ ಖಾಲಿ ಕೊಳವನ್ನು ಕಣ್ಣಾರೆ ತೋರಿಸಿಬಿಟ್ಟರೆ ಆ ಜೀವಕ್ಕೆ ನೆಮ್ಮದಿ ಸಿಕ್ಕೀತು ಎಂದುಕೊಂಡೆ. ಮಗಳು ಬೇಡವೆಂದಳು. "ಸುಮ್ನಿರೇ, ಅವರ ಜೊತೆ ಬಾಳ್ತಿರೋಳು ನಾನು" ಎಂದು ಬಾಯಿ ಮುಚ್ಚಿಸಿದೆ.

ಮಗಳು, ಪುಟ್ಟ ಮೊಮ್ಮಗಳು, ನಾವಿಬ್ಬರು, ಎಲ್ಲರೂ ಹೋದೆವು. ಅವರು ಕೊಳದ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ನೋಡಿದ್ರಾ? ಒಂದು ಹನಿ ಇದೆಯಾ?"

"ಇಲ್ವಲ್ಲೇ" ಎಂದರು, ಸಣ್ಣ ದನಿಯಲ್ಲಿ.

ಅಬ್ಬಾ, ಎಷ್ಟು ಹಗುರಾಯಿತು ನನಗೆ! ಕಾಫಿ ಹೇಳೋಣವೆಂದು ಆಚೆ ತಿರುಗಿದೆ, ಅಷ್ಟೇ.

ಮೊಮ್ಮಗಳು ಮೆಟ್ಟಿಲಿಳಿದು, ಹಿಂದೆ ನೀರು ಆಳವಾಗಿದ್ದ, ಈಗ ಮೇಜಿಲ್ಲದ ಕಡೆಗೆ ಓಡಿ, ತಣ್ಣಗಿದೆಯೆಂದು ಆ ನೀಲಿ ಟೈಲ್ಸ್ ಮೇಲೆ ಬೋರಲು ಮಲಗಿದ್ದಳು. ಕೈಕಾಲು ಚಾಚಿ, ಒಂದಿಷ್ಟೂ ಅಲುಗಾಡದೆ. ಮಕ್ಕಳ ಆಟವೇ ಹಾಗೆ.

"ಮಗೂ!" ಎಂಬ ಕೂಗು ಕೇಳಿತು. ನಾನು ತಿರುಗುವಷ್ಟರಲ್ಲಿ ಯಜಮಾನರು ಅಂಚಿನಿಂದ ಹಾರಿಬಿಟ್ಟಿದ್ದರು. ಆಳುದ್ದಕ್ಕಿಂತ ಹೆಚ್ಚು ಕೆಳಗೆ, ಒಣ ನೆಲಕ್ಕೆ. ಅಜ್ಜ ಬಿದ್ದ ಸದ್ದಿಗೆ ಮೊಮ್ಮಗಳು ಎದ್ದು ಕೂತು ಅಳತೊಡಗಿದಳು.

ಹೋಟೆಲಿನವನನ್ನು ಬಾಯಿಗೆ ಬಂದಂತೆ ಬೈದೆ. ಪಾಪ, ಅವನೇನು ಮಾಡಿಯಾನು? ಆಂಬುಲೆನ್ಸಿಗೆ ಫೋನ್ ಮಾಡಿದವನೂ ಅವನೇ. ಆಸ್ಪತ್ರೆಯಲ್ಲಿ ಡಾಕ್ಟರು ಸೊಂಟ, ಪಕ್ಕೆಲುಬು, ಒಳಗೇ ರಕ್ತ ಎಂದು ಏನೇನೋ ಹೇಳಿ ಕೊನೆಗೆ ಕೈಚೆಲ್ಲಿದರು.

ಸಂಜೆ ಯಜಮಾನರು ಕಣ್ಣು ಬಿಟ್ಟರು.

"ಮಗು ಉಸಿರಾಡ್ತಿದೆಯೇನೇ?"

"ಆಡ್ತಿದೆ ರೀ. ನೀವೇ ಎತ್ಕೊಂಡು ಬಂದ್ರಲ್ಲ."

"ಹೆದರಿರ್ತಾಳೆ. ಬೈಬೇಡ ಅವಳನ್ನ."

"ಇಲ್ಲ ರೀ."

ಆಮೇಲೆ "ತಲೆಯೆಲ್ಲಾ ಒದ್ದೆ ಕಣೇ, ಚಳಿ ಆಗ್ತಿದೆ. ಸ್ವಲ್ಪ ಒರೆಸು" ಎಂದರು.

"ಅಪ್ಪಾ, ಅಲ್ಲಿ ನೀರೇ..." ಎಂದು ಮಗಳು ಬಾಯಿ ತೆಗೆದಳು. ಕಣ್ಣಲ್ಲೇ ಗದರಿದೆ. ಟವೆಲ್ ತೆಗೆದುಕೊಂಡು, ಒಣಗಿದ್ದ ಆ ನಾಲ್ಕು ಬಿಳಿಕೂದಲನ್ನು ಮೆಲ್ಲಗೆ ಒರೆಸತೊಡಗಿದೆ. ನರ್ಸ್ ಬಂದು ನನ್ನ ಕೈ ಹಿಡಿದು "ಸಾಕಮ್ಮ, ಹೋಗ್ಬಿಟ್ರು" ಎನ್ನುವವರೆಗೂ ಒರೆಸುತ್ತಲೇ ಇದ್ದೆ.